ಮೂರನೇ ದಿನದ ಗಂಟಲು

ಮಡಿಕೇರಿ ಬಸ್ ನಿಲ್ದಾಣದಲ್ಲಿ
ನನ್ನ ದನಿಗೆ ಸಂಬಳ.
"ಭಾಗಮಂಡಲಕ್ಕೆ ಹೋಗುವ ಬಸ್ಸು
ಅಂಕಣ ಎರಡರಲ್ಲಿ ನಿಂತಿದೆ" ಅನ್ನಬೇಕು.
ಮೊನ್ನೆ ಅಂದೆ: ಭಾಗಮಂ
ಉಳಿದದ್ದು ಎದೆಯೊಳಗೇ ಸೀಟು ಹಿಡಿದು ಕೂತಿತು,
ಇಳಿ ಅಂದರೆ ಇಳಿಯದು.

ಮೈಕಿನಲ್ಲಿ ಬರೀ ಗೊರಗೊರ.
ಡ್ರೈವರ್ ಬೆಳ್ಯಪ್ಪ ಕಿಟಕಿಗೆ ಬಗ್ಗಿ ಕೇಳಿದ:
"ಏನಕ್ಕ, ಕಾಟಕೇರಿ ಏರು ಹತ್ತುತ್ತಾ ಇದ್ದೀರಾ
ಸೆಕೆಂಡ್ ಗೇರಲ್ಲಿ?"

ರಜೆ ಹಾಕಿ ಮನೆಗೆ ಬಂದೆ.
ಮಹದೇವಪೇಟೆಯ ಇಳಿಜಾರಲ್ಲಿ ಒಂದೂವರೆ ಕೋಣೆ.
ಕೆಂಡದ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ
ನಾಲ್ಕು ದಿನದಿಂದ ಒಣಗುತ್ತಲೇ ಇರುವ ಯೂನಿಫಾರಂ ಸೀರೆ.

ಪಕ್ಕದ ಮನೆಯ ಕದೀಜುಮ್ಮ
ಗೋಡೆಯಾಚೆಯಿಂದ ನನ್ನ ಕೆಮ್ಮು ಎಣಿಸುತ್ತಿದ್ದಳಂತೆ.
ಹನ್ನೊಂದನೆಯದಕ್ಕೆ ಬಾಗಿಲು ತಟ್ಟಿದಳು.

"ಕೂತುಕೋ ಮೋಳೇ. ಮುಖ ಕೊಡು."
ಕುದಿದ ನೀರು, ನೀಲಗಿರಿ ಎಲೆ, ತಲೆ ಮೇಲೆ ಕಂಬಳಿ.
ಕತ್ತಲೆ ಇಷ್ಟು ಖಾರ ಇರುತ್ತದೆಂದು ಗೊತ್ತಿರಲಿಲ್ಲ.
ಮೂಗು ಸೋರಿತು, ಕಣ್ಣು ಸೋರಿತು.
ಯಾಕೆ ಅಂತ ಯಾರೂ ಕೇಳದ ಜಾಗ ಅದು,
ಸಿಕ್ಕಿದ್ದೇ ಅವಕಾಶ,
ಬೇಕಾದ್ದಕ್ಕಿಂತ ತುಸು ಹೆಚ್ಚೇ ಅತ್ತೆ.

ಹೊರಬಂದರೆ ಅವಳು ಮೆಣಸು ಕುಟ್ಟುತ್ತಿದ್ದಳು.
ನಾಪೋಕ್ಲಿನಲ್ಲಿ ಏಣಿ ಹತ್ತಿ ಕೊಯ್ಯುವ ತಮ್ಮ
ಜೇಬಲ್ಲಿ ತಂದುಕೊಟ್ಟ ಕಾಳು.
ಶುಂಠಿ, ಎರಡೆಸಳು ದೊಡ್ಡಪತ್ರೆ.
"ಜೇನು ಆರಿದ ಮೇಲೆ.
ಬೋರ್ಡು ಬರೆದು ಟೂರಿಸ್ಟರಿಗೆ ಮಾರುತ್ತಾರಲ್ಲ,
ಅದಲ್ಲ, ಇದು ಜೇನು."

ಆಮೇಲೆ ಬಂತು.
ಪದ್ಯದಲ್ಲಿ ಹೇಳಬಾರದ್ದು, ಬಚ್ಚಲಿಗೆ ಓಡಿದೆ.
ಗಂಟು, ಎಳೆ, ಮತ್ತೊಂದು ಗಂಟು.
ಎದೆಯಲ್ಲಿ ಯಾರೋ ಬೆಂಚು ಸರಿಸಿ
ನೆಲ ಗುಡಿಸಿದ ಹಾಗಾಯಿತು.

ಕದೀಜುಮ್ಮ ಹಿಂದೆಯೇ ಬಂದಿದ್ದಳು.
ನಾಚಿಕೆಯಿಲ್ಲದೆ ಬಗ್ಗಿ ನೋಡಿದಳು:
"ಬಿಳಿ. ಒಳ್ಳೆಯದಾಯಿತು.
ಕೆಂಪು ಕಂಡರೆ ನನ್ನ ಬಾಗಿಲಿಗೆ ಬರಬೇಡ,
ಸೀದಾ ಜಿಲ್ಲಾಸ್ಪತ್ರೆ."

ನೀರು ಹೊಯ್ಯುತ್ತ, ನನಗಲ್ಲ, ಬಕೆಟ್ಟಿಗೆ ಹೇಳಿದಳು:
"ಅವರೂ ಬರೀ ಕಫ ಅಂದರು.
ಏಳು ತಿಂಗಳು ಬರೀ ಕಫ.
ನಾನೂ ಇದೇ ಕಷಾಯ ಕೊಡುತ್ತಾ ಇದ್ದೆ."

ಲೋಟ ತೊಳೆದು, ಮಗುಚಿಟ್ಟು,
ಉಪ್ಪುನೀರು ಮುಕ್ಕಳಿಸಲು ಮರೆಯಬೇಡ ಅಂದು ಹೋದಳು.

ರಾತ್ರಿ ಒಂದು ಸಲ ಕೆಮ್ಮಿದೆ.
ಗೋಡೆಯಾಚೆ ಮಂಚ ಕಿರುಗುಟ್ಟಿತು.
ಎರಡನೆಯದು ಗಂಟಲಿಗೆ ಬಂದಿತ್ತು,
ದಿಂಬು ಕಚ್ಚಿ ಹಿಡಿದುಕೊಂಡೆ,
ಅವಳಿಗೆ ನಿದ್ದೆ ಹತ್ತುವವರೆಗೆ.

ಬೆಳಿಗ್ಗೆ ಐದೂಮುಕ್ಕಾಲು. ಮೈಕು ತಣ್ಣಗಿತ್ತು.
"ನಾಪೋಕ್ಲು ಮಾರ್ಗವಾಗಿ ಭಾಗಮಂಡಲ"
ಒಡೆದ ದನಿ, ಆದರೂ ಪೂರ್ತಿ ಊರು.
ಬೆಳ್ಯಪ್ಪ ಹಾರನ್ ಒತ್ತಿದ.