ಮೂರು ಮನೆಯ ಕಾಗದ

ಕೌಲ್ ಬಜಾರಿನ ಈ ಗಲ್ಲಿಗೆ ನೀಲಿ ಬಣ್ಣದ ಚರಂಡಿ.
ಪಡಸಾಲೆ ತುಂಬ ಜೀನ್ಸಿನ ಕಾಲುಗಳು
ಮೈ ಇಲ್ಲದೆ, ಒಂದರ ಮೇಲೊಂದು ಮಲಗಿವೆ.
ಪಂಪಾವತಮ್ಮನ ಬಾಗಿಲ ನೆತ್ತಿಗೆ
ಆ ಡಬ್ಬಿ:
ಒಂದು ಕಾಲಕ್ಕೆ ಬಿಳಿ, ಈಗ ಹಳೇ ಹಲ್ಲಿನ ಬಣ್ಣ,
ಒಳಗೆ ನಾಲ್ಕು ಫ್ಯೂಸು,
ಮುಚ್ಚಳದ ಮೇಲೆ ಯಾರೋ ಇಟ್ಟ ಕುಂಕುಮ.

ಹೊಸ ಮಷಿನ್ನಿನ ಸಾಲಕ್ಕೆ ಬ್ಯಾಂಕಿನವರು ಕಾಗದ ಕೇಳಿದ್ದಾರೆ.
ಕಾಗದದಲ್ಲಿ ಮೂರು ಮನೆ.
ಒಂದನೆಯದು, ಮುಟ್ಟಿದರೆ ಹೋದೆ.
ಎರಡನೆಯದು, ಇವತ್ತಲ್ಲ ನಾಳೆ.
ಮೂರನೆಯದು, ಬದಲಿಸಿದರೆ ಒಳ್ಳೆಯದು,
ಬದಲಿಸದಿದ್ದರೆ ನಿಮ್ಮಿಷ್ಟ.

ಕೆಲಸ ಕಲಿಸಿದ ಮಸ್ತಾನಪ್ಪ ಹೇಳುತ್ತಿದ್ದ:
"ಪ್ಲಾಸ್ಟಿಕ್ಕು ಕಂಡಕೂಡ್ಲೆ ಕೆಂಪು ಪೆನ್ನು ತೆಗೀಬ್ಯಾಡಲೇ.
ಹಳೇದಾಗೋದು ತಪ್ಪಲ್ಲ.
ಹಂಗಂದ್ರೆ ನನ್ನೂ ಕಿತ್ತು ಒಗೀಬೇಕಾಗತೈತಿ.
ಮೊದಲು ಸ್ಕ್ರೂ ಕೇಳು, ಸಡಲಿದ್ರೆ ಅದೇ ಹೇಳತೈತಿ.
ಆಮ್ಯಾಲೆ ನೋಡು, ಡಬ್ಬಿ ಹತ್ತಿಕೊಂಡ್ರೆ
ಮನ್ಯಾಗಿನೋರು ಓಡೋದು ಯಾವ ಕಡೆ?"
ಈಗಿನ ಡಬ್ಬಿ ತಗಡಿನದು,
ಉರಿ ಹತ್ತಿದರೆ ಒಳಗೇ ಇಟ್ಟುಕೊಳ್ಳುತ್ತದೆ.
ಹಳೆಯದು ಇಟ್ಟುಕೊಳ್ಳುವುದಿಲ್ಲ.
ಅಷ್ಟಕ್ಕೇ ಎರಡು ಎನ್ನಲಾಗದು.

ನಾನು ಮೂರು ಬರೆಯುವವನಿದ್ದೆ.
ಹೊರಗೆ ಬಿಸಿಲು ಕಬ್ಬಿಣ ಕಾಯಿಸುತ್ತಿತ್ತು,
ಊಟಕ್ಕೆ ಹೋಗಬೇಕಿತ್ತು, ಸುಳ್ಳೇಕೆ,
ಮುಚ್ಚಳ ತೆಗೆಯುವ ಮುಂಚೆಯೇ
ಪೆನ್ನಿನ ಟೋಪಿ ತೆಗೆದಿದ್ದೆ.

ಆಗ ಪಂಪಾವತಮ್ಮ ಮೂಗಿಗೆ ಸೆರಗು ಹಿಡಿದಳು.
"ನೋಡ್ರಿ, ಸುರು ಆತು. ಹಿಂದಿನ ಮನಿ ಸುಂಕ್ಲಮ್ಮ.
ದಿನಾ ಮಧ್ಯಾಹ್ನ ಮೀನು ಹುರೀತಾಳ.
ಲಿಂಗಪೂಜಿ ಮಾಡೋ ಮನಿ ನಮ್ದು.
ಬಾಯಿ ಮಾಡಿ ಮಾಡಿ ಸಾಕಾಗಿ
ಮಾತು ಬಿಟ್ಟು ನಾಕು ತಿಂಗಳಾತು."

ಮೀನು.
ಪೆನ್ನು ನಿಂತಿತು.
"ಮಷಿನ್ ಎಷ್ಟು ಹಾಕೀರಿ?"
"ಮೊದ್ಲು ಎರಡು. ಸಂಕ್ರಾಂತಿ ಆದಮ್ಯಾಲೆ ಇನ್ನ ಮೂರು, ಮತ್ತ ಇಸ್ತ್ರಿ."
"ವಾಸನಿ ಯಾವಾಗಿಂದ?"
ಬೆರಳು ಮಡಚಿ ಎಣಿಸಲು ಹೋದಳು,
ನಡುವೆ ನಿಲ್ಲಿಸಿದಳು.

ಮೇನ್ ಇಳಿಸಿದೆ.
ಐದು ಮಷಿನ್ನು ಒಮ್ಮೆಲೇ ಬಾಯಿ ಮುಚ್ಚಿದವು.
ಎರ್ರಿಸ್ವಾಮಿ ಟಾರ್ಚು ಹಿಡಿದ.
ಮೂರನೆಯ ಫ್ಯೂಸಿನ ಬುಡ ಕರ್ರಗೆ,
ಬೆಲ್ಲ ತಳ ಹಿಡಿದ ಹಾಗೆ.
ಸ್ಕ್ರೂ ಬರೀ ಬೆರಳಿಗೇ ತಿರುಗಿತು.
ಫ್ಯೂಸಿನ ಎಳೆ ಇರಬೇಕಾದಲ್ಲಿ ಯಾರದೋ ಜಾಣತನ:
ಗುಂಡಿಯ ಚೀಲ ಕಟ್ಟಿ ಬಂದ ತಂತಿ, ಎರಡು ಸುತ್ತು.

ಕಾದ ಪ್ಲಾಸ್ಟಿಕ್ಕಿಗೆ ಮೀನಿನ ವಾಸನೆ ಬರುತ್ತದೆ.
ಎಲ್ಲದಕ್ಕೂ ಅಲ್ಲ, ಈ ಜಾತಿಯದಕ್ಕೆ.
ಜಾತಿ ಅಂದೆನೆ?
ಕಾಗದದಲ್ಲಿ "ವಿಧ" ಅಂತ ಇದೆ.

ಇರುವುದು ಒಂದೇ ಬಾಗಿಲು, ಅದರ ನೆತ್ತಿಗೆ ಇದು,
ಅದರ ಕೆಳಗೆ ಬಟ್ಟೆಯ ರಾಶಿ.
ಒಂದನೆಯ ಮನೆಯಲ್ಲಿ ಗುರುತು ಹಾಕಿದೆ.
ಒಂದು ಎಂದು ಬರೆದ ಮೇಲೆ
ಹಾಗೇ ಬಿಟ್ಟು ಊಟಕ್ಕೆ ಹೋಗುವಂತಿಲ್ಲ.
ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಇಟ್ಟುಕೊಂಡೆ,
ಎದೆಗೆ ಇನ್ನೂ ಬೆಚ್ಚಗಿತ್ತು.

ಪಂಪಾವತಮ್ಮ ನನ್ನನ್ನು ಏನೂ ಕೇಳಲಿಲ್ಲ.
ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲು ಹತ್ತಿ,
ಗೋಡೆಯ ಮೇಲೆ ಗದ್ದ ಇಟ್ಟಳು.
ತಪ್ಪಾತು ಅನ್ನಲಿಲ್ಲ.
"ಸುಂಕ್ಲೀ, ಉಂಡ್ಯೇನಬೇ?" ಅಂದಳು.

ಆಚೆ ಸ್ವಲ್ಪ ಹೊತ್ತು ಬರೀ ಪಾತ್ರೆಯ ಸಪ್ಪಳ.
ಆಮೇಲೆ:
"ಇಲ್ಲ. ಇವತ್ತು ಖರೇನ ಮೀನು ತಂದೀನಿ.
ಬಾಗ್ಲು ಹಾಕ್ಕೋ."