ಸ್ಪಾಟರ್ ನಂಬರ್ ಏಳು

ವರ್ಷಕ್ಕೊಮ್ಮೆ ಬಾಟಲಿಗಳ ನೀರು ಬದಲಿಸೋದು ನನ್ನ ಕೆಲಸ.
ನೀರು ಅಂದರೆ ನೀರಲ್ಲ, ಫಾರ್ಮಲಿನ್.
ಮುಚ್ಚಳ ತಿರುವಿದರೆ ಸಾಕು,
ಯಾರೂ ಸಾಯದೆಯೂ ಕಣ್ಣು ತುಂಬುತ್ತವೆ.

ಮೇ ತಿಂಗಳ ದಾವಣಗೆರೆ. ಫ್ಯಾನಿಗೂ ಜ್ವರ.
ಕಪಾಟಿನ ಮೂರನೇ ಸಾಲಿನಲ್ಲಿ
ಲಾಡಿಹುಳುವಿಗೂ ಎರಡು ತಲೆಯ ಕರುವಿಗೂ ನಡುವೆ
ಗಾಜಿನ ಪಟ್ಟಿಗೆ ಬಿಳಿ ದಾರದಲ್ಲಿ ಬಿಗಿದ
ಹಾರುವ ಓತಿ.
ಚೀಟಿಯ ಮಸಿ ಮಾಸಿ ಉಳಿದದ್ದು ಇಷ್ಟು:
ಹೆಣ್ಣು. ಘಟ್ಟದ ಕಾಡು. ನೆಲದ ಮೇಲೆ ಸಿಕ್ಕಿದ್ದು.

ಪರೀಕ್ಷೆಯ ದಿನ ಹುಡುಗರು ಇವಳೆದುರು ನಿಲ್ಲೋದು
ಒಂದೂವರೆ ನಿಮಿಷ. ಗಂಟೆ ಬಾರಿಸುವವನು ನಾನೇ.
ಬರೆಯುತ್ತಾರೆ: ಸರೀಸೃಪ.
ರೆಕ್ಕೆ ರೆಕ್ಕೆಯಲ್ಲ, ಪಕ್ಕೆಲುಬಿಗೆ ಹೊದಿಸಿದ ತೊಗಲು.
ಹಾರುವುದಿಲ್ಲ, ತೇಲುತ್ತದೆ.
ಎರಡು ಅಂಕ.

ಇಪ್ಪತ್ತಾರು ವರ್ಷ ಬಾಗಿಲಾಚೆ ನಿಂತು ಪಾಠ ಕೇಳಿದವನಿಗೆ
ಅಂಕವಿಲ್ಲ. ಆದರೂ ಗೊತ್ತು:
ಬಿಸಿಲು ಚೂರುಚೂರಾಗಿ ಇಳಿಯುವ ಕಾಡಿನಲ್ಲಿ
ಇವಳು ಮರದ ಮೈಗೆ ಅಂಟಿ ತೊಗಟೆಯೇ ಆಗುತ್ತಾಳೆ.
ಇರುವೆ ಸಾಲು ಮೂತಿಯ ಮುಂದೆ ಬಂದರೆ
ನಾಲಿಗೆಯಷ್ಟೇ ಬದುಕಿದೆ ಅನ್ನಬೇಕು.
ಗಂಡು ಗಂಟಲಿನ ಹಳದಿ ಬಿಚ್ಚಿ, ಮಡಚಿ, ಬಿಚ್ಚಿ,
ಬೀಡಾ ಅಂಗಡಿಯ ಹುಡುಗನ ಹಾಗೆ ಕರೆಯುತ್ತಾನೆ.
ಇವಳು ನೋಡಿಯೂ ನೋಡದೆ
ಪಕ್ಕೆಗಳನ್ನು ಕೊಡೆಯಂತೆ ಅಗಲಿಸಿ
ಇನ್ನೊಂದು ಮರಕ್ಕೆ.
ಇಡೀ ಬದುಕು ಹೀಗೆ, ಕಾಂಡದಿಂದ ಕಾಂಡಕ್ಕೆ;
ನೆಲ ಅನ್ನೋದು ಕೆಳಗೆಲ್ಲೋ ಬೇರೆಯವರ ಊರು.

ನಮ್ಮ ಓಣಿಯಲ್ಲಿ ಓತಿ ಅಂದರೆ ಕಲ್ಲು.
ತೌಡಿನ ರಾಶಿಯ ಮೇಲೆ ಕೂತು ತಲೆ ಆಡಿಸಿದರೆ
ನಮ್ಮನ್ನೇ ಅಣಕಿಸುತ್ತದೆ ಅಂತ ಹೊಡೆದದ್ದೇ ಹೊಡೆದದ್ದು.
ಅಬ್ಬಾ ಭಟ್ಟಿಯೊಳಗಿಂದ ಬೈಯುತ್ತಿದ್ದ,
ಕಾದ ಮರಳಿನಲ್ಲಿ ಮಂಡಕ್ಕಿ ಅರಳುವ ಸದ್ದಿನಲ್ಲಿ
ಏನು ಬೈದನೋ ಕೇಳುತ್ತಿರಲಿಲ್ಲ.
ಕೊನೆಗೆ ಆ ಹೊಗೆ ಅವನೊಳಗೇ ಮನೆ ಮಾಡಿತು.
ಆಸ್ಪತ್ರೆಯಲ್ಲಿ ಕೊಟ್ಟ ಎಕ್ಸ್‌ರೇ
ಇದೇ ಲ್ಯಾಬಿನ ಕಿಟಕಿಗೆ ಹಿಡಿದು ನೋಡಿದ್ದೆ:
ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು.
ಪಕ್ಕದಲ್ಲೇ ಇವಳ ಬಾಟಲಿ.
ಕೆಮ್ಮಿದಾಗ ಅಬ್ಬಾನ ಎಲುಬೂ ಹೀಗೇ ಅಗಲುತ್ತಿದ್ದವು,
ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತಾರೆ.
ಇವಳಿಗೆ ಬೇಲಿಯಿಲ್ಲ; ಇದ್ದ ಒಂದು ಗೂಟ ನಾನು,
ಅದೂ ಕುರುಡು ಗೂಟ.
ಹೋದ ಪರೀಕ್ಷೆಯಲ್ಲಿ ಹರಪನಹಳ್ಳಿ ಕಡೆಯ ಹುಡುಗಿ,
ಮುಟ್ಟಬಾರದು ಅಂದರೂ ಬಾಟಲಿ ಎತ್ತಿ
ಬೆಳಕಿಗೆ ತಿರುಗಿಸಿ ಕೇಳಿದಳು:
'ದಾದಾಪೀರಣ್ಣ, ಇದರ ಮೂತಿಗೆ ಮಣ್ಣು ಯಾಕೆ?'

ಹೊಳ್ಳೆಯ ಸಂದಿನಲ್ಲಿ ಸಾಸಿವೆಯಷ್ಟು ಕೆಂಪು.
ನಮ್ಮ ಎರೆ ಅಲ್ಲ, ಬೇರೆ ನೆಲದ್ದು.
ಇಪ್ಪತ್ತಾರು ಸಲ ತೊಳೆದವನು ನಾನು.

ಗಂಟೆ ಬಾರಿಸೋದು ಮರೆತೆ.
ಮೇಷ್ಟ್ರು ಯಾವತ್ತೋ ಹೇಳಿದ್ದು ಆಗ ಅರ್ಥವಾಯಿತು:
ಹೆಣ್ಣು ಇಳಿಯೋದು ಮೊಟ್ಟೆಯಿಡಲು ಮಾತ್ರ.
ಮೂತಿಯಿಂದಲೇ ಅಗೆಯುತ್ತಾಳೆ, ಬೇರೆ ಸಲಕರಣೆಯಿಲ್ಲ.
ಮೂರೋ ನಾಲ್ಕೋ ಇಟ್ಟು, ಮಣ್ಣು ಮುಚ್ಚಿ,
ಒಂದು ದಿನ ಕಾಯ್ದರೆ ಹೆಚ್ಚು,
ಮತ್ತೆ ಮರಕ್ಕೆ.
ಆ ಒಂದು ದಿನದಲ್ಲೇ ಯಾರದೋ ಕೈ.

ಇಟ್ಟಿದ್ದಳೋ, ಇಡುವವಳಿದ್ದಳೋ?

ಇವತ್ತು ದಾರ ಸಡಿಲಾಗಿತ್ತು.
ಬಿಚ್ಚಿ ಅಂಗೈ ಮೇಲೆ ಮಲಗಿಸಿಕೊಂಡೆ.
ಗೇಣಿನಷ್ಟು ಉದ್ದ, ಬಾಲವೇ ಹೆಚ್ಚು.
ಹೊಟ್ಟೆಯ ಮೇಲೆ ಹೆಬ್ಬೆರಳು ಇಟ್ಟರೆ ಗೊತ್ತಾಗುತ್ತಿತ್ತು,
ಮೆತ್ತಗಿದೆಯೋ, ಕಾಳು ಕಾಳೋ.
ಇಡಲಿಲ್ಲ.

ಹೊಸ ದಾರ ಕಟ್ಟಿದೆ, ಈ ಸಲ ಪಕ್ಕೆಗಳನ್ನು ಬಿಟ್ಟು.
ಬಾಟಲಿಯ ಅಂಚಿನಿಂದ
ಸಣ್ಣಗೆ, ಬಲು ಸಣ್ಣಗೆ ಸುರಿದೆ,
ಮೂತಿಯ ಮಣ್ಣು ಕದಡದ ಹಾಗೆ.