ಒಂಬತ್ತು ಸುತ್ತು

ಕೋಲ ಮುಗಿದ ಮರುದಿನ. ಪಾಂಗಾಳದ ಹೊಳೆಯಾಚೆ
ಕೊಯ್ಲಾದ ಗದ್ದೆ, ಕಾಲಿಗೆ ಇನ್ನೂ ಚುಚ್ಚುವ ಕೂಳೆ.
ದೂಮಣ್ಣ ಬರುತ್ತಾನೆ, ಕಂಕುಳಲ್ಲಿ ಬೊಳ್ಳೆ, ಹಾಲಿನಂಥ ಹುಂಜ.
ಹತ್ತು ಹೆಜ್ಜೆ ಬಿಟ್ಟು ಐತಪ್ಪ, ಅವನದ್ದು ಕೆಮ್ಮೈರೆ,
ಕೆಂಡ ಕೆದಕಿದ ಬಣ್ಣ.
ಎರಡು ಮನೆಗೆ ಒಂದು ಬಾವಿ, ಬಾವಿಗೆ ಹತ್ತೊಂಬತ್ತು ವರ್ಷದ ಕೇಸು.
ಮಾತಿಲ್ಲ, ಕತೆಯಿಲ್ಲ.
ಬಾಳು ಕಟ್ಟುವವ ಮಾತ್ರ ಇಬ್ಬರಿಗೂ ಒಬ್ಬನೇ.
ನಾನು.

ಇಬ್ಬರ ಕಿಸೆಯಲ್ಲೂ ಅದೇ ಕುಕ್ಕುಟ ಪಂಚಾಂಗ,
ಕಟಪಾಡಿಯ ಅದೇ ಅಂಗಡಿಯದ್ದು.
ಮಧ್ಯಾಹ್ನ ಎರಡರವರೆಗೆ ಬಿಳಿಗೆ ಜಯ, ಮೂರರ ಮೇಲೆ ಕೆಂಪಿಗೆ.
ಹಾಗಾಗಿ ಒಬ್ಬನಿಗೆ ಅವಸರವೋ ಅವಸರ;
ಇನ್ನೊಬ್ಬನಿಗೆ ಬಾಯಾರಿಕೆ, ಬೀಡಿ,
ಹುಂಜದ ಕಾಲು ಉಳುಕಿದೆಯೆಂಬ ನೆವ.
ತಕರಾರು ತೀರಿ ಕಣಕ್ಕೆ ಬಂದದ್ದು ಎರಡೂವರೆಗೆ,
ಪುಸ್ತಕ ಏನೂ ಹೇಳದ ಹೊತ್ತಿಗೆ.

ನಿನ್ನೆ ರಾತ್ರಿ ಇಬ್ಬರೂ ಜುಮಾದಿಯ ಎದುರು ನಿಂತಿದ್ದರು,
ನಡುವೆ ನಾಲ್ಕು ಮಾರು, ಒಂದು ದೀವಟಿಗೆ.
ದೂಮಣ್ಣನ ಬೊಗಸೆಗೆ ಗಂಧ ಬಿತ್ತು:
"ನಂಬಿನಕ್ಲೆಗ್ ಇಂಬು ಕೊರ್ಪೆ."
ಐತಪ್ಪನ ಬೊಗಸೆಗೂ ಬಿತ್ತು:
"ನಂಬಿನಕ್ಲೆಗ್ ಇಂಬು ಕೊರ್ಪೆ."
ನಂಬಿದವರಿಗೆ ಆಸರೆ, ಅಷ್ಟೇ. ಗೆಲುವಿನ ಮಾತು ಅದರಲ್ಲಿಲ್ಲ.
ನನಗೆ ಕೇಳಿಸಿತು. ಅವರಿಗೆ ಬೇರೇನೋ ಕೇಳಿಸಿತು.

ಬಾಳು ಕಟ್ಟುವುದೆಂದರೆ ನೂಲು, ಒಂಬತ್ತು ಸುತ್ತು.
ಬಿಗಿದರೆ ಕಾಲು ಜೋಮು ಹಿಡಿಯುತ್ತದೆ.
ಸಡಿಲಾದರೆ ಹಾರುವಾಗ ಅಲಗು ತಿರುಗಿ
ತನ್ನ ತೊಡೆಯನ್ನೇ ಹುಡುಕುತ್ತದೆ.
ಕೂದಲೆಳೆಯ ವ್ಯತ್ಯಾಸ, ಯಾರ ಕಣ್ಣಿಗೂ ಬೀಳದು.
ಐತಪ್ಪ ನನ್ನ ಮಗಳ ಮದುವೆಗೆ ಎರಡು ಮುಡಿ ಅಕ್ಕಿ ಕೊಟ್ಟವ.
ದೂಮಣ್ಣನ ಅಪ್ಪ ನನ್ನ ಅಪ್ಪನನ್ನು
ಇದೇ ಗದ್ದೆಯ ಹುಣಿಯಲ್ಲಿ ಕೆಡವಿ ಹೊಡೆದವ.
ಹೆಬ್ಬೆರಳಿಗೆ ಇದೆಲ್ಲ ನೆನಪಿರುತ್ತದೆ ಮಾರಾಯ್ರೇ.
ಮೇಲಿರುವವರಿಗೂ ಹೀಗೇ ತುರಿಸುತ್ತದೆಯೋ ಏನೋ.

ಅಜ್ಜಿ ಹೇಳುತ್ತಿದ್ದಳು: ಉಡುಪಿಯ ಅರಸು ಕುರುಕ್ಷೇತ್ರಕ್ಕೆ ಹೋಗಿ
ಬಿಲ್ಲು ಹಿಡಿಯಲಿಲ್ಲ, ಸೌಟು ಹಿಡಿದ.
ಎರಡೂ ಸೇನೆಗೆ ಒಂದೇ ಒಲೆಯ ಅನ್ನ.
ನಾಳೆ ಸಾಯುವವರೆಷ್ಟು ಎಂದು ಅವನಿಗೆ ಮುನ್ನಾದಿನವೇ ಗೊತ್ತಂತೆ,
ಅಕ್ಕಿ ಅಷ್ಟು ಕಡಿಮೆ ಅಳೆಯುತ್ತಿದ್ದನಂತೆ.
ಚಿಕ್ಕಂದಿನಲ್ಲಿ ಚಪ್ಪಾಳೆ ತಟ್ಟಿದ್ದೆ.
ಈಗ ಅನ್ನಿಸುತ್ತದೆ, ಯಾರ ಕಡೆಗೂ ಇಲ್ಲದವನ ಕೈ
ಎಷ್ಟು ತಣ್ಣಗಿರಬೇಕು,
ಬದುಕಿರುವವನ ಪಾಲನ್ನು ಅಳತೆಯಿಂದ ತೆಗೆಯಲು.

ಕಟ್ಟಿದೆ. ಕೆಂಪಿನ ಎದೆ ಡವಡವ. ಬಿಳಿಯದ್ದೂ.
ಬಿಟ್ಟರು.

ಎಷ್ಟು ಹೊತ್ತು? ಎಲೆಗೆ ಸುಣ್ಣ ಸವರುವಷ್ಟು.
ಒಂದು ಸಲ ಮೇಲೆ, ಒಂದು ಸಲ ಧೂಳು,
ಆಮೇಲೆ ಬೊಳ್ಳೆ ನಿಂತಿತ್ತು, ಕೆಮ್ಮೈರೆ
ಯಾರಿಗೋ ನಮಸ್ಕರಿಸುವಂತೆ ಮುಂದಕ್ಕೆ ಬಾಗಿತ್ತು.
"ದೈವ ನಮ್ಮ ಕಡೆ!" ದೂಮಣ್ಣ ಕೂಗಿದ.
ಐತಪ್ಪ ಮುಂಡಾಸು ಕೊಡವಿ ಎದ್ದ. "ಕೈಬಿಟ್ಟಿತು," ಎಂದ,
ನನಗಲ್ಲ, ಗದ್ದೆಗೆ.

ಸೋತ ಹುಂಜ ಗೆದ್ದವನಿಗೆ, ಅದು ಕಟ್ಟಳೆ.
ಸಂಜೆ ಲಚ್ಚು ಕಾಯಿ ಅರೆದಳು, ರೊಟ್ಟಿ ಮುರಿದಳು.
ಮೊದಲ ತುಂಡು ಬಾಳೆಯ ಕುಡಿಯೆಲೆಯಲ್ಲಿ ಜುಮಾದಿಗೆ.
ಪಾತ್ರೆ ತೊಳೆಯುತ್ತಾ ಅವಳೇ ಅಂದಳು:
"ಗೆದ್ದ ಕೋಳಿ ಈ ಎಲೆಗೆ ಬಂದದ್ದನ್ನು ನಾನು ಕಂಡಿಲ್ಲ.
ಪ್ರತಿ ಸಲವೂ ಸೋತದ್ದೇ."
ಆಸರೆ ಎಂದರೆ ಇದೆಯೋ, ಹಸಿವು ಎಂದರೆ ಇದೆಯೋ,
ಅವಳು ಬಿಡಿಸಿ ಹೇಳಲಿಲ್ಲ. ದೀಪ ಸಣ್ಣದು ಮಾಡಿದಳು.

ಒಂದು ಮಾತು ಅವಳಿಗೂ ಹೇಳಿಲ್ಲ.
ಸತ್ತ ಕಾಲಿನಿಂದ ಬಾಳು ಬಿಚ್ಚುವಾಗ
ಅಭ್ಯಾಸಬಲದಿಂದ ಎಣಿಸಿದೆ.
ಎಂಟು.

ಒಂಬತ್ತು ಸುತ್ತಿದ್ದೆ ನಾನು.
ಜುಮಾದಿಯಾಣೆ, ಒಂಬತ್ತು.